ಆರಿಸಿದರೂ ಆರದ ಕಿಡಿ

ಮನೆಯ ದೀಪವನ್ನು ಆರಿಸಬೇಕಾದರೆ ನಾವು ಗೋಡೆಯ ಮೇಲಿನ ಸ್ವಿಚ್ಚನ್ನು ಒತ್ತುತ್ತೇವೆ. ಒತ್ತಿದೊಡನೆ ವಿದ್ಯುನ್ಮಂಡಲ ಕಡಿಯುತ್ತದೆ, ಪ್ರವಾಹ ನಿಲ್ಲುತ್ತದೆ, ದೀಪ ಆರುತ್ತದೆ. ಸ್ವಿಚ್ಚಿನ ತಂತಿ ಎಲ್ಲಿಯಾದರೂ ತುಂಡಾಗಿದ್ದರೆ ದೀಪ ಹೊತ್ತುವುದೇ ಇಲ್ಲ. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಬೇರೊಂದು ಬಗೆಯ ಸ್ವಿಚ್ಚು ಇರಬಹುದೆಂಬ ಯೋಚನೆಯೇ ನಮಗೆ ಬರುವುದಿಲ್ಲ. ಆದರೆ ಪೆಟ್ರೋಲಿನಿಂದ ನಡೆಯುವ ಸಣ್ಣ ವಿಮಾನಗಳಲ್ಲಿ, ಚಾಲಕನ ಎದುರಿನ ಫಲಕದ ಮೇಲೆ, ಇದಕ್ಕೆ ಸಂಪೂರ್ಣ ವಿರುದ್ಧವಾಗಿ ಕೆಲಸಮಾಡುವ ಸ್ವಿಚ್ಚೊಂದಿದೆ. ಅದರ ಬೀಗದ ಕೈಯನ್ನು 'ಆಫ್' ಎಂಬ ಸ್ಥಾನಕ್ಕೆ ತಿರುಗಿಸಿದಾಗ ಮಂಡಲ ಕೂಡುತ್ತದೆ. 'ಆನ್' ಮಾಡಿದಾಗ ಕಡಿಯುತ್ತದೆ. ಅದರ ತಂತಿ ತುಂಡಾದರೆ ಎಂಜಿನ್ನು ನಿಲ್ಲುವುದಿಲ್ಲ. ಬದಲಾಗಿ, ಆ ಸ್ವಿಚ್ಚಿನಿಂದ ಅದನ್ನು ನಿಲ್ಲಿಸುವುದೇ ಸಾಧ್ಯವಾಗದು. ಇದಕ್ಕೆ ಜ್ವಲನ ಸ್ವಿಚ್ಚು ಎಂದು ಹೆಸರಿಡೋಣ. ಈ ಪುಟ್ಟ ಸಾಧನದ ದೋಷಗಳ ಸಲುವಾಗಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು 1976ರಲ್ಲಿ ಒಮ್ಮೆ, 1993ರಲ್ಲಿ ಮತ್ತೊಮ್ಮೆ ಆಜ್ಞೆ ಹೊರಡಿಸಬೇಕಾಯಿತು. ಆ ಎರಡು ಆಜ್ಞೆಗಳ ಹಿಂದಿರುವ ಭೌತವಿಜ್ಞಾನವನ್ನು ಇಲ್ಲಿ ಪರಿಶೀಲಿಸೋಣ. ಅದು ಪ್ರೌಢಶಾಲೆಯ ವಿದ್ಯಾರ್ಥಿಗೂ ನಿಲುಕುವಂಥದೇ.

ಮೊದಲು ಆಜ್ಞೆಯೆಂದರೇನೆಂದು ತಿಳಿಯಬೇಕು. ವಿಮಾನದ ಯಾವುದಾದರೂ ಭಾಗದಲ್ಲಿ ಅಪಾಯಕರವಾದ ದೋಷ ಕಂಡುಬಂದು, ಅದೇ ಮಾದರಿಯ ಇತರ ಭಾಗಗಳಲ್ಲಿಯೂ ಅದು ತಲೆದೋರುವ ಸಂಭವವಿದ್ದರೆ, ಸರಕಾರದ ವಿಮಾನಯಾನ ಸಂಸ್ಥೆಯು 'ಹಾರಾಟಯೋಗ್ಯತಾ ನಿರ್ದೇಶ'ವನ್ನು ಪ್ರಕಟಿಸುತ್ತದೆ. ಇಂಥ ಭಾಗವನ್ನು ಇಷ್ಟು ಗಂಟೆಗಳ ಹಾರಾಟದೊಳಗೆ ಪರೀಕ್ಷಿಸತಕ್ಕದ್ದು, ದೋಷವಿದ್ದರೆ ಬದಲಾಯಿಸತಕ್ಕದ್ದು ಎಂದು ಅದರಲ್ಲಿ ವಿಧಿಸಿರುತ್ತದೆ. ತಯಾರಕರು ಕೊಡುವ ಸಲಹೆಯನ್ನು ಮಾಲೀಕನು ಬದಿಗಿಟ್ಟಾನು; ನಿರ್ದೇಶವನ್ನು ಬದಿಗಿಡುವಂತಿಲ್ಲ. ಅದನ್ನು ಪಾಲಿಸದ ವಿಮಾನವು ಕಾನೂನಿನ ದೃಷ್ಟಿಯಲ್ಲಿ ಹಾರಾಟಕ್ಕೆ ಯೋಗ್ಯವೇ ಅಲ್ಲ. ನಮ್ಮ ದೇಶದಲ್ಲಿ ಈ ಬಗೆಯ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸೇರಿದೆ. ನಾವು ಮೇಲೆ ಹೇಳಿದ ಎರಡು ನಿರ್ದೇಶಗಳೂ ಯಾವುದೋ ಒಂದು ವಿಮಾನವನ್ನು ಹೆಸರಿಸದೆ ಸ್ವಿಚ್ಚನ್ನೇ ಹೆಸರಿಸಿದವು. ಏಕೆಂದರೆ ಒಂದೇ ಮಾದರಿಯ ಸ್ವಿಚ್ಚು ಬೇರೆ ಬೇರೆ ಕಾರ್ಖಾನೆಗಳ ವಿಮಾನಗಳಲ್ಲಿ ಸೇರಿಕೊಂಡಿತ್ತು.

ಇನ್ನು ವಿಷಯಕ್ಕೆ ಬರೋಣ. ಎಂಜಿನ್ನಿನ ಕೊಳವೆಯೊಳಗಿನ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸಲು ವಿದ್ಯುತ್ ಕಿಡಿ ಬೇಕಷ್ಟೆ. ಸಾಮಾನ್ಯವಾಗಿ ಕಾರಿನಲ್ಲಿ ಈ ಕಿಡಿಗೆ ಬೇಕಾದ ಶಕ್ತಿ ಬ್ಯಾಟರಿಯಿಂದ ಬರುತ್ತದೆ. ಸಣ್ಣ ವಿಮಾನದಲ್ಲಿ ಹಾಗಲ್ಲ. ಅಲ್ಲಿ ಎಂಜಿನ್ನಿಗೇ ಅಂಟಿಕೊಂಡಂತೆ ಮ್ಯಾಗ್ನೆಟೊ ಎಂಬ ಯಂತ್ರವಿರುತ್ತದೆ, ಒಂದಲ್ಲ, ಎರಡು. ಪ್ರತಿಯೊಂದರಲ್ಲಿಯೂ ಶಾಶ್ವತ ಅಯಸ್ಕಾಂತವೊಂದು ಎಂಜಿನ್ನಿನೊಡನೆ ತಿರುಗುತ್ತದೆ. ಅದರ ಎದುರಿಗೆ ಮೆದುಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿಗಳಿವೆ: ದಪ್ಪ ತಂತಿಯ ಕೆಲವೇ ಸುತ್ತುಗಳ ಪ್ರಾಥಮಿಕ ಸುರುಳಿ, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳ ದ್ವಿತೀಯಕ ಸುರುಳಿ. ಅಯಸ್ಕಾಂತ ತಿರುಗಿದಂತೆ ತಿರುಳಿನೊಳಗಿನ ಬಲರೇಖೆಗಳು ಬದಲಾಗುತ್ತವೆ; 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ ಪ್ರಾಥಮಿಕ ಸುರುಳಿಯಲ್ಲಿ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹ ಶಿಖರವನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ, ಅದರ ದಾರಿಯಲ್ಲಿರುವ ಸಂಪರ್ಕಬಿಂದುಗಳ ಜೋಡಿಯೊಂದನ್ನು ಪುಟ್ಟ ಗಾಲಿಯ ಉಬ್ಬು ತೆರೆದುಬಿಡುತ್ತದೆ. ಪ್ರವಾಹ ತಟ್ಟನೆ ಕುಸಿಯುತ್ತದೆ. ಬಲರೇಖೆಗಳೂ ಅಷ್ಟೇ ವೇಗವಾಗಿ ಕುಸಿಯುತ್ತವೆ. ಆಗ ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ ಕಿಡಿ ಹಾರುತ್ತದೆ. ಬ್ಯಾಟರಿ ಸತ್ತಿರಲಿ, ವಿದ್ಯುಜ್ಜನಕ ಕೆಟ್ಟಿರಲಿ, ಫಲಕದ ದೀಪಗಳೆಲ್ಲ ಆರಿಹೋಗಲಿ, ಎಂಜಿನ್ನು ತಿರುಗುತ್ತಿರುವವರೆಗೆ ಕಿಡಿ ತಪ್ಪುವುದಿಲ್ಲ.

ಈ ಸ್ವಾವಲಂಬನೆಯೇ ಮ್ಯಾಗ್ನೆಟೊವಿನ ಹಿರಿಮೆ. ಆದರೆ ಹೊರಗಿನಿಂದ ವಿದ್ಯುತ್ತನ್ನು ಬೇಡದ ಯಂತ್ರವನ್ನು ನಿಲ್ಲಿಸುವುದು ಹೇಗೆ? ಕಡಿಯಲು ಅಲ್ಲಿ ಸರಬರಾಜಿನ ತಂತಿಯೇ ಇಲ್ಲವಲ್ಲ! ಉಪಾಯ ಸರಳವಾಗಿದೆ. ಪ್ರಾಥಮಿಕ ಸುರುಳಿಯ ತುದಿಯಿಂದ ಒಂದು ತಂತಿಯನ್ನು ಜ್ವಲನ ಸ್ವಿಚ್ಚಿನವರೆಗೆ ಎಳೆದಿದ್ದಾರೆ; ಯಂತ್ರಶಾಲೆಯವರು ಇದನ್ನು ಪಿ-ಲೀಡ್ ಎನ್ನುತ್ತಾರೆ. ಸ್ವಿಚ್ಚು 'ಆಫ್' ಸ್ಥಾನದಲ್ಲಿರುವಾಗ ಈ ತಂತಿ ವಿಮಾನದ ಲೋಹದ ಮೈಗೆ ಕೂಡಿಕೊಳ್ಳುತ್ತದೆ. ಆಗ ಸಂಪರ್ಕಬಿಂದುಗಳು ತೆರೆದರೂ ಪ್ರವಾಹಕ್ಕೆ ಈ ಇನ್ನೊಂದು ದಾರಿ ತೆರೆದೇ ಇರುತ್ತದೆ. ಪ್ರವಾಹ ತಟ್ಟನೆ ಕುಸಿಯುವುದಿಲ್ಲ. ಕುಸಿಯದ ಮೇಲೆ ಕಿಡಿಯೂ ಇಲ್ಲ.

ಈಗ ದೋಷಗಳನ್ನು ಯೋಚಿಸಿ. ಪಿ-ಲೀಡ್ ಕಡಿದುಹೋಯಿತು, ಅಥವಾ ಸ್ವಿಚ್ಚಿನೊಳಗಿನ ಸಂಪರ್ಕ ಸವೆದು ಸಡಿಲವಾಯಿತು ಎನ್ನೋಣ. ಆಕಾಶದಲ್ಲಿ ಇದರಿಂದ ಏನೂ ಕೆಡುವುದಿಲ್ಲ; ಎಂಜಿನ್ನು ಎಂದಿನಂತೆ ನಡೆಯುತ್ತದೆ. ಮೂರು ಸಾವಿರ ಅಡಿ ಎತ್ತರದಲ್ಲಿ ಸಡಿಲ ತಂತಿಯೊಂದು ಎಂಜಿನ್ನನ್ನು ನಿಲ್ಲಿಸಬಾರದೆಂದೇ ಈ ವ್ಯವಸ್ಥೆ. ಅದು ಸರಿಯಾದ ಆಯ್ಕೆಯೆಂದೇ ನಮ್ಮ ಅಭಿಪ್ರಾಯ. ಆದರೆ ಅದರ ಬೆಲೆಯನ್ನು ನೆಲದ ಮೇಲೆ ತೆರಬೇಕಾಗುತ್ತದೆ. ಬೀಗದ ಕೈ 'ಆಫ್' ಎಂದು ತೋರಿಸುತ್ತಿದೆ, ಚಾಲಕನು ಅದನ್ನು ಜೇಬಿನಲ್ಲಿಟ್ಟುಕೊಂಡು ಹೊರಟಿದ್ದಾನೆ. ಮ್ಯಾಗ್ನೆಟೊ ಮಾತ್ರ ಇನ್ನೂ ಜೀವಂತವಾಗಿದೆ. ವಿಮಾನವನ್ನು ಸರಿಸಲು ಬಂದವನೊಬ್ಬನು ಪ್ರೊಪೆಲರಿನ ಅಲಗನ್ನು ಕೈಯಿಂದ ಸ್ವಲ್ಪ ತಿರುಗಿಸುತ್ತಾನೆ. ಕೊಳವೆಯೊಂದರಲ್ಲಿ ಒಂದಿಷ್ಟು ಪೆಟ್ರೋಲಿನ ಆವಿ ಉಳಿದಿದ್ದರೆ ಸಾಕು.

ಇಷ್ಟು ನಿಧಾನವಾಗಿ ತಿರುಗಿಸಿದರೆ ಕಿಡಿ ಹುಟ್ಟೀತೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ, ಪ್ರೇರಿತ ಒತ್ತಡವು ವೇಗವನ್ನು ಅವಲಂಬಿಸಿದೆ. ಆದರೆ ಎಂಜಿನ್ನನ್ನು ಚಾಲೂ ಮಾಡುವಾಗಿನ ನಿಧಾನಗತಿಯಲ್ಲಿಯೂ ಒಳ್ಳೆಯ ಕಿಡಿ ದೊರೆಯಲೆಂದು ಅನೇಕ ಮ್ಯಾಗ್ನೆಟೊಗಳಲ್ಲಿ ಒಂದು ಸ್ಪ್ರಿಂಗಿನ ಜೋಡಣೆ ಇರುತ್ತದೆ. ಅದು ಅಯಸ್ಕಾಂತವನ್ನು ಕ್ಷಣಕಾಲ ಹಿಡಿದಿಟ್ಟುಕೊಂಡು, ಸ್ಪ್ರಿಂಗು ಬಿಗಿಯಾದ ಮೇಲೆ ಒಮ್ಮೆಲೇ ಬಿಟ್ಟುಬಿಡುತ್ತದೆ. ಕೈ ಎಷ್ಟೇ ಮೆಲ್ಲಗೆ ತಿರುಗಿಸಿದರೂ ಅಯಸ್ಕಾಂತ ಚಟ್ಟನೆ ಹೊರಳುತ್ತದೆ. ಒಮ್ಮೆ ಮಿಶ್ರಣ ಹೊತ್ತಿದರೆ ಅಲಗು ಅರೆಸುತ್ತು ಹಾರಿ ಬರುವುದಕ್ಕೆ ಕೈಯನ್ನು ಹಿಂದೆಗೆಯುವಷ್ಟು ಸಮಯವೂ ಬೇಡ.

ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ 'ಪುಷ್ಪಕ್' ಎಂಬ ಪುಟ್ಟ ವಿಮಾನದಲ್ಲಿ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿತ್ತು. ಅಂಥ ವಿಮಾನಗಳನ್ನು ಕೈಯಿಂದ ಪ್ರೊಪೆಲರ್ ತಿರುಗಿಸಿಯೇ ಚಾಲೂ ಮಾಡುತ್ತಿದ್ದರು. ತಿರುಗಿಸುವವನು ಮೊದಲು 'ಸ್ವಿಚ್ ಆಫ್' ಎಂದು ಕೂಗಿ ಉತ್ತರ ಪಡೆದು, ಎಲ್ಲ ಸಿದ್ಧವಾದ ಮೇಲೆ 'ಕಾಂಟ್ಯಾಕ್ಟ್' ಎಂದು ಕೂಗುವುದು ಇಂಥ ಕೆಲಸದಲ್ಲಿ ಲೋಕವೆಲ್ಲ ಬಲ್ಲ ಪದ್ಧತಿ. ತಮಾಷೆಯೇನೆಂದರೆ, 'ಕಾಂಟ್ಯಾಕ್ಟ್', ಅಂದರೆ ಸಂಪರ್ಕ, ಎಂದು ಕೂಗಿದಾಗ ಒಳಗಿರುವವನು ಮಾಡುತ್ತಿದ್ದುದು ಸಂಪರ್ಕವನ್ನು ಕಡಿಯುವ ಕೆಲಸ!

ಈ ದೋಷ ಬಹುಕಾಲ ಗುಟ್ಟಾಗಿ ಉಳಿಯಲು ಮತ್ತೊಂದು ಕಾರಣವಿದೆ. ವಿಮಾನದ ಎಂಜಿನ್ನನ್ನು ಸಾಮಾನ್ಯವಾಗಿ ಬೀಗದ ಕೈಯಿಂದ ನಿಲ್ಲಿಸುವುದಿಲ್ಲ. ಕೊಳವೆಗಳಲ್ಲಿ ಪೆಟ್ರೋಲು ಉಳಿಯದಿರಲೆಂದು ಮೊದಲು ಇಂಧನವನ್ನು ಕಡಿಯುತ್ತಾರೆ. ಎಂಜಿನ್ನು ಹಸಿದು ನಿಲ್ಲುತ್ತದೆ. ಆಮೇಲೆ ಬೀಗದ ಕೈಯನ್ನು ತಿರುಗಿಸುತ್ತಾರೆ. ನಿಂತ ಎಂಜಿನ್ನಿನ ಸ್ವಿಚ್ಚು ಕೆಲಸಮಾಡಿತೋ ಇಲ್ಲವೋ ಯಾರು ಬಲ್ಲರು? ಹಾರಾಟಕ್ಕೆ ಮೊದಲು ಚಾಲಕನು ಮಾಡುವ ಪರೀಕ್ಷೆಯಲ್ಲಿ ಇದರ ಸುಳಿವು ಸಿಗುವುದುಂಟು. ಉದಾಹರಣೆಗೆ ಸೆಸ್ನಾ 172 ವಿಮಾನದ ಹಳೆಯ ಮಾದರಿಯೊಂದರಲ್ಲಿ ಎಂಜಿನ್ನನ್ನು ನಿಮಿಷಕ್ಕೆ 1700 ಸುತ್ತುಗಳಲ್ಲಿ ನಡೆಸಿ, ಒಂದೊಂದೇ ಮ್ಯಾಗ್ನೆಟೊವನ್ನು ಆರಿಸಿ ನೋಡುತ್ತಾರೆ. ಒಂದೇ ಕಿಡಿಯಿಂದ ದಹನ ನಿಧಾನವಾಗುವುದರಿಂದ ವೇಗ ತುಸು ಇಳಿಯುತ್ತದೆ. ಇಳಿತ 125 ಸುತ್ತುಗಳನ್ನು ಮೀರಬಾರದು. ಇಳಿತ ಹೆಚ್ಚಾದರೆ ಚಿಂತಿಸಬೇಕೆಂದು ಎಲ್ಲರೂ ಬಲ್ಲರು. ಇಳಿತವೇ ಇಲ್ಲದಿದ್ದರೆ ಇನ್ನೂ ಒಳ್ಳೆಯದಲ್ಲವೆ ಎಂದು ಹೊಸಬನು ಹಿಗ್ಗಿಯಾನು. ವಾಸ್ತವವಾಗಿ ಅದು ಅಪಾಯದ ಸೂಚನೆ. ಆರಿಸಿದ ಮ್ಯಾಗ್ನೆಟೊ ಆರಿಲ್ಲವೆಂದು ಅದರ ಅರ್ಥವಾಗಿರಬಹುದು.

1976ರ ನಿರ್ದೇಶವು ಬೆಂಡಿಕ್ಸ್ ಹೆಸರಿನ ಜ್ವಲನ ಸ್ವಿಚ್ಚುಗಳಿಗೆ ಸಂಬಂಧಿಸಿದ್ದು. ಅದು ವಿಧಿಸಿದ ಪರೀಕ್ಷೆ ಒಂದು ನಿಮಿಷದ್ದು, ಖರ್ಚಿಲ್ಲದ್ದು. ಎಂಜಿನ್ನು ಮಂದಗತಿಯಲ್ಲಿ ನಡೆಯುತ್ತಿರುವಾಗ ಬೀಗದ ಕೈಯನ್ನು 'ಆಫ್' ಸ್ಥಾನದಲ್ಲಿ ನಿಲ್ಲಿಸದೆ, ಅದನ್ನು ದಾಟಿ ಹೋಗುವಷ್ಟು ದೂರ ಹೊರಳಿಸಬೇಕು. ಎಂಜಿನ್ನಿನಲ್ಲಿ ಕಿಡಿ ನಿಂತರೆ ಸ್ವಿಚ್ಚು ಸರಿಯಾಗಿದೆ. ಎಂಜಿನ್ನು ನಡೆಯುತ್ತಲೇ ಇದ್ದರೆ ಸ್ವಿಚ್ಚು ಕೆಟ್ಟಿದೆ. ಅದನ್ನು ದುರಸ್ತಿ ಮಾಡದೆ ಅಥವಾ ಬದಲಾಯಿಸದೆ ಮುಂದಿನ ಹಾರಾಟವಿಲ್ಲ. ಪ್ರತಿ 100 ಗಂಟೆಗಳ ಹಾರಾಟಕ್ಕೊಮ್ಮೆ ಇದನ್ನು ಮಾಡತಕ್ಕದ್ದು. 'ಆಫ್' ಗುರುತನ್ನು ದಾಟಿಸುವುದೇಕೆ? ಗುರುತಿನ ಮೇಲೆ ಸರಿಯಾಗಿ ಕೂಡಿರುವ ಸಂಪರ್ಕವು, ಸವೆದ ಸ್ವಿಚ್ಚಿನಲ್ಲಿ, ಇನ್ನೊಂದು ಎಳೆಯಷ್ಟು ಆಚೆ ಹೋದರೆ ತಪ್ಪಿಹೋಗಬಹುದು. ಬೀಗದ ಕೈಯನ್ನು ಗುರುತಿನ ಮೇಲೆಯೇ ನಿಲ್ಲಿಸಿ ಪರೀಕ್ಷಿಸಿದರೆ ಈ ದೋಷ ತೋರುವುದಿಲ್ಲ. ಅವಸರದ ಕೈ ತುಸು ಆಚೆ ತಳ್ಳಿದ ದಿನ ತೋರುತ್ತದೆ.

1993ರ ನಿರ್ದೇಶ ಇದೇ ಸ್ವಿಚ್ಚಿನ ಇನ್ನೊಂದು ಕೊನೆಗೆ, ಅಂದರೆ ಎಂಜಿನ್ನನ್ನು ಚಾಲೂ ಮಾಡುವ 'ಸ್ಟಾರ್ಟ್' ಸ್ಥಾನಕ್ಕೆ ಸಂಬಂಧಿಸಿದೆ. ಅದು ಎ.ಸಿ.ಎಸ್. ಎಂಬ ಹೆಸರಿನ ಮತ್ತು ಅದಕ್ಕೆ ಹಿಂದಿನ ಗರ್ಡಿಸ್ ಹೆಸರಿನ ಸ್ವಿಚ್ಚುಗಳನ್ನು ಕುರಿತದ್ದು. ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರಿನ ಭಾರಿ ಪ್ರವಾಹ ಈ ಸಣ್ಣ ಸ್ವಿಚ್ಚಿನಲ್ಲಿ ಹರಿಯಲಾರದು. ಆದುದರಿಂದ ನಡುವೆ ಕಾಂಟ್ಯಾಕ್ಟರ್ ಎಂಬ ವಿದ್ಯುದಯಸ್ಕಾಂತವನ್ನು ಇಟ್ಟಿದ್ದಾರೆ. ಸ್ವಿಚ್ಚು ಅದರ ಸುರುಳಿಗೆ ಅಲ್ಪ ಪ್ರವಾಹವನ್ನು ಕಳುಹಿಸುತ್ತದೆ. ಸುರುಳಿ ಎಳೆದ ಕಬ್ಬಿಣದ ಸರಳು ಭಾರಿ ಮಂಡಲವನ್ನು ಕೂಡಿಸುತ್ತದೆ. ತೊಂದರೆ ಬರುವುದು ಬೀಗದ ಕೈಯನ್ನು ಬಿಟ್ಟಾಗ.

ಲೆಕ್ಕಕ್ಕಾಗಿ ಬ್ಯಾಟರಿ 24 ವೋಲ್ಟಿನದು, ಸುರುಳಿಯ ರೋಧ 12 ಓಮು, ಅದರ ಪ್ರೇರಕತ್ವ 0.1 ಹೆನ್ರಿ ಎಂದು ಭಾವಿಸೋಣ. ಪ್ರವಾಹ 2 ಆಂಪೇರಾಯಿತು. ಸ್ವಿಚ್ಚು ತೆರೆದಾಗ ಈ ಪ್ರವಾಹ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಸೊನ್ನೆಗೆ ಇಳಿದರೆ, ಸುರುಳಿಯಲ್ಲಿ ಹುಟ್ಟುವ ಒತ್ತಡ 0.1 × 2 ÷ 0.001, ಅಂದರೆ 200 ವೋಲ್ಟು! 24 ವೋಲ್ಟಿನ ಬ್ಯಾಟರಿಯಿರುವ ಮಂಡಲದಲ್ಲಿ 200 ವೋಲ್ಟು ಎಲ್ಲಿಂದ ಬಂತು? ಸುರುಳಿಯ ಕಾಂತಕ್ಷೇತ್ರದಲ್ಲಿ ½ × 0.1 × 2², ಅಂದರೆ 0.2 ಜೂಲ್ ಶಕ್ತಿ ಕೂಡಿಕೊಂಡಿತ್ತು. ಅದು ಎಲ್ಲಿಗಾದರೂ ಹೋಗಲೇಬೇಕು. ತೆರೆಯುತ್ತಿರುವ ಸಂಪರ್ಕಗಳ ನಡುವಿನ ಗಾಳಿಯಲ್ಲಿ ಕಿಡಿಯಾಗಿ ಅದು ಹೊರಬೀಳುತ್ತದೆ. ಮ್ಯಾಗ್ನೆಟೊ ಒಳಗೆ ನಮಗೆ ಬೇಕಾಗಿದ್ದ ಪರಿಣಾಮವೇ ಇಲ್ಲಿ ಬೇಡದ ಕಡೆ ನಡೆಯುತ್ತಿದೆ. ಪ್ರತಿಬಾರಿ ಚಾಲೂ ಮಾಡಿದಾಗಲೂ ಲೋಹ ಒಂದಿಷ್ಟು ಸುಟ್ಟು ಕುಳಿ ಬೀಳುತ್ತದೆ, ರೋಧ ಏರುತ್ತದೆ, ಸಂಪರ್ಕ ಮತ್ತಷ್ಟು ಕಾಯುತ್ತದೆ. ಇಂಥ ಸಂಪರ್ಕಗಳು ಕಡೆಗೆ ಬೆಸೆದುಕೊಂಡರೂ ಆಶ್ಚರ್ಯವಿಲ್ಲ.

ನಿರ್ದೇಶವು ಎರಡು ಕೆಲಸಗಳನ್ನು ವಿಧಿಸಿತು. ಪ್ರತಿ 2000 ಗಂಟೆಗಳಿಗೊಮ್ಮೆ ಸ್ವಿಚ್ಚನ್ನು ಪರೀಕ್ಷಿಸಿ ಎಣ್ಣೆ ಹಚ್ಚುವುದು, ಸವೆದಿದ್ದರೆ ಬದಲಾಯಿಸುವುದು ಒಂದು. ಕಾಂಟ್ಯಾಕ್ಟರಿನ ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು ಜೋಡಿಸುವುದು ಇನ್ನೊಂದು. ಡಯೋಡು ಪ್ರವಾಹವನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತದೆ. ಬ್ಯಾಟರಿಯ ಪ್ರವಾಹಕ್ಕೆ ಅದು ಮುಚ್ಚಿದ ಬಾಗಿಲು. ಸ್ವಿಚ್ಚು ತೆರೆದಾಗ ಸುರುಳಿಯ ಒತ್ತಡ ತಿರುಗುಮುರುಗಾಗುವುದರಿಂದ ಆ ಬಾಗಿಲು ತೆರೆಯುತ್ತದೆ. ಪ್ರವಾಹ ಸುರುಳಿ ಮತ್ತು ಡಯೋಡುಗಳ ನಡುವೆಯೇ ಸುತ್ತಿ, ಸುರುಳಿಯ ರೋಧದಲ್ಲಿ ಶಾಖವಾಗಿ ಕರಗುತ್ತದೆ. ನಮ್ಮ ಲೆಕ್ಕದ ಸುರುಳಿಯಲ್ಲಿ ಇದಕ್ಕೆ ಬೇಕಾಗುವ ಕಾಲಮಾನ 0.1 ÷ 12, ಅಂದರೆ ಸುಮಾರು 8 ಮಿಲಿಸೆಕೆಂಡು. 200 ವೋಲ್ಟಿನ ಬದಲು ಡಯೋಡಿನ ತುದಿಗಳಲ್ಲಿ ಸುಮಾರು 0.7 ವೋಲ್ಟು ಮಾತ್ರ ಕಾಣುತ್ತದೆ. ಅದನ್ನು ಹಿಂದುಮುಂದಾಗಿ ಜೋಡಿಸಿದರೆ ಮಾತ್ರ ಬ್ಯಾಟರಿಗೆ ನೇರ ಅಡ್ಡದಾರಿಯಾಗಿ, ಮೊದಲ ಸಲ ಬೀಗದ ಕೈ ತಿರುಗಿಸಿದಾಗಲೇ ಡಯೋಡು ಸುಟ್ಟೀತು.

ಇದನ್ನು ವಾಚಕರು ಮೇಜಿನ ಮೇಲೆಯೇ ನೋಡಬಹುದು. ಬ್ಯಾಟರಿ ದೀಪದ ನಾಲ್ಕು ಕೋಶಗಳನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟಾಗುತ್ತದೆ. ಕಬ್ಬಿಣದ ತಿರುಳಿನ ಮೇಲೆ ಬಹಳ ಸುತ್ತುಗಳಿರುವ ಸುರುಳಿಯನ್ನು, ಉದಾಹರಣೆಗೆ ಹಳೆಯ ಚಿಕ್ಕ ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ಬದಿಯನ್ನು, ಒಂದು ಸ್ವಿಚ್ಚಿನ ಮೂಲಕ ಅದಕ್ಕೆ ಸೇರಿಸಿ. ಸುರುಳಿಗೆ ಅಡ್ಡಲಾಗಿ ವಿದ್ಯುತ್ ಟೆಸ್ಟರಿನಲ್ಲಿರುವಂಥ ನಿಯಾನ್ ದೀಪವನ್ನು ಜೋಡಿಸಿ. ಆ ದೀಪ ಹೊತ್ತಲು ಸುಮಾರು 70ರಿಂದ 90 ವೋಲ್ಟು ಬೇಕು. 6 ವೋಲ್ಟಿಗೆ ಅದು ಮಿಸುಕದು. ಸ್ವಿಚ್ಚು ಹಾಕಿದಾಗ ಏನೂ ಇಲ್ಲ. ತೆಗೆದಾಗ ದೀಪ ಫಕ್ಕನೆ ಮಿಂಚುತ್ತದೆ. ಈಗ ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು, ಪಟ್ಟೆಯ ಗುರುತಿರುವ ತುದಿ ಬ್ಯಾಟರಿಯ ಧನಬದಿಗೆ ಬರುವಂತೆ, ಸೇರಿಸಿ ನೋಡಿ. ಮಿಂಚು ಮಾಯವಾಗುತ್ತದೆ. ಪ್ರಯೋಗಮಾಡುವಾಗ ಸುರುಳಿಯ ತುದಿಗಳನ್ನು ಬೆರಳಿನಿಂದ ಮುಟ್ಟಬಾರದು, ಟ್ರಾನ್ಸ್‌ಫಾರ್ಮರನ್ನು ಮನೆಯ ವಿದ್ಯುತ್ತಿಗೆ ಎಂದೂ ಜೋಡಿಸಕೂಡದು.

ಇಷ್ಟೆಲ್ಲ ತೊಡಕಿನ ಮ್ಯಾಗ್ನೆಟೊವನ್ನು ಬಿಟ್ಟು ಎಲ್ಲವನ್ನೂ ಎಲೆಕ್ಟ್ರಾನಿಕ್ ನಿಯಂತ್ರಣಕ್ಕೆ ಒಪ್ಪಿಸಬಾರದೆ ಎಂದು ಕೇಳುವವರಿದ್ದಾರೆ. ಅಂಥ ಎಂಜಿನ್ನುಗಳೂ ಬಂದಿವೆ; ಅವುಗಳ ತೊಡಕು ಬೇರೆ ಬಗೆಯದು. 2007ರ ಮಾರ್ಚ್ 4ರಂದು ಜರ್ಮನಿಯ ಸ್ಪೈಯರ್‌ನಿಂದ ಡೈಮಂಡ್ ಡಿ.ಎ.42 ಎಂಬ ಎರಡು ಎಂಜಿನ್ನುಗಳ ವಿಮಾನವೊಂದು ಮೇಲೇರಿತು. ಅದರ ಎಂಜಿನ್ನುಗಳು ಡೀಸೆಲ್ ಬಗೆಯವು. ಕಿಡಿ ಬೇಕಿಲ್ಲ, ಆದರೆ ಅವನ್ನು ನಡೆಸುವ ನಿಯಂತ್ರಕಗಳಿಗೆ ವಿದ್ಯುತ್ತು ಬೇಕೇ ಬೇಕು. ಬ್ಯಾಟರಿ ಬರಿದಾಗಿದ್ದುದರಿಂದ ಹೊರಗಿನ ವಿದ್ಯುತ್ತಿನಿಂದ ಎಂಜಿನ್ನುಗಳನ್ನು ಚಾಲೂ ಮಾಡಿದ್ದರು. ನೆಲ ಬಿಟ್ಟ ಮೇಲೆ ಚಕ್ರಗಳನ್ನು ಒಳಗೆ ಸೆಳೆದುಕೊಳ್ಳುವ ಯಂತ್ರ ತೊಡಗಿದಾಗ ಒತ್ತಡ ಒಮ್ಮೆಲೇ ಕುಸಿಯಿತು, ನಿಯಂತ್ರಕಗಳು ಕ್ಷಣಮಾತ್ರ ಮೂರ್ಛೆಹೋದವು, ಎರಡು ಎಂಜಿನ್ನುಗಳೂ ನಿಂತವು. ವಿಮಾನ ಹೊಲದಲ್ಲಿ ಇಳಿಯಿತು, ಜೀವಹಾನಿಯಾಗಲಿಲ್ಲ. ಆ ಬಳಿಕ ಈ ವಿಮಾನಗಳ ನಿಯಂತ್ರಕಗಳಿಗೆಂದೇ ಪ್ರತ್ಯೇಕವಾದ ಸಣ್ಣ ಬ್ಯಾಟರಿಗಳನ್ನು ಅಳವಡಿಸಲಾಯಿತು.