ಲಾರಿಯ ಎಂಜಿನು ಉಸಿರಾಡುವ ಗಾಳಿ

ನಂಗವಳ್ಳಿಯಿಂದ ಓಮಲೂರು ಮಾರ್ಗವಾಗಿ ಬೆಂಗಳೂರಿಗೆ ಹೋದವರೆಲ್ಲರೂ ತೊಪ್ಪೂರು ಕಣಿವೆಯನ್ನು ಕಂಡವರೇ. ಸೇಲಂ ಕಡೆಯಿಂದ ಧರ್ಮಪುರಿಯತ್ತ ಏರುವ ಹೇರು ಲಾರಿಗಳು ಅಲ್ಲಿ ಎತ್ತಿನ ಗಾಡಿಯಂತೆ ನಿಧಾನವಾಗಿ ಸಾಗುತ್ತವೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರ ತಂದೆಯರು ಮಗ್ಗ ಬಿಟ್ಟು ಲಾರಿ ಹಿಡಿದವರು. ಅವರಲ್ಲೊಬ್ಬರ ಹಳೆಯ ಲಾರಿ ಸಬ್ಬಕ್ಕಿ ಮೂಟೆ ಹೇರಿಕೊಂಡು ಆ ಏರಿನಲ್ಲಿ ಹೋಗುವಾಗ ಎಳೆಯುವ ಶಕ್ತಿಯನ್ನೇ ಕಳೆದುಕೊಂಡಿತು. ಹಿಂದೆ ಕಪ್ಪು ಹೊಗೆ ಎದ್ದಿತು. ಸಮತಟ್ಟು ರಸ್ತೆಗೆ ಬಂದರೆ ಏನೂ ಆಗದಂತೆ ಓಡಿತು. ಒಂದು ಊರಿನ ಕಾರ್ಖಾನೆಯಲ್ಲಿ ಡೀಸೆಲ್ ಪಂಪನ್ನು ಎರಡು ಸಲ ಬಿಚ್ಚಿ ಜೋಡಿಸಿದರು, ಎರಡು ಸಲವೂ ಹಣ ಪಡೆದರು. ದೋಷ ಮಾತ್ರ ಹೋಗಲಿಲ್ಲ. ಸಾಲದ ಕಂತು ಕಟ್ಟಬೇಕಾದ ತಿಂಗಳು ಅದು. ದೋಷ ಎಲ್ಲಿತ್ತೆಂಬುದನ್ನು ಆಮೇಲೆ ಹೇಳುತ್ತೇವೆ. ಅದನ್ನು ತಿಳಿಯಲು ನಮ್ಮ ಶಾಲೆಯ ಭೌತವಿಜ್ಞಾನವೇ ಸಾಕು.

ಎಂಜಿನು ಉರಿಸುವುದು ಬರಿಯ ಡೀಸೆಲನ್ನಲ್ಲ. ಒಂದು ಲೀಟರು ಡೀಸೆಲ್ ಪೂರ್ತಿಯಾಗಿ ಉರಿಯಲು ಸುಮಾರು 12 ಕಿಲೋಗ್ರಾಂ ಗಾಳಿ ಬೇಕು. ಅಳತೆಯಲ್ಲಿ ಅದು ಸುಮಾರು 10,000 ಲೀಟರು, ಎಂದರೆ ಮನೆಯಂಗಳದಲ್ಲಿಡುವ 200 ಲೀಟರಿನ ಡ್ರಮ್ಮುಗಳು ಐವತ್ತು ತುಂಬುವಷ್ಟು. ಎಂಜಿನಿನ ಸಿಲಿಂಡರು ಮಾತ್ರ ಚಿಕ್ಕದು. ಆದ್ದರಿಂದ ಗಾಳಿಯನ್ನು ಒತ್ತಿ ತುಂಬುವ ಯುಕ್ತಿ ಬಂದಿತು. ಒತ್ತುವ ಪಂಪನ್ನು ಎಂಜಿನಿನ ಶಕ್ತಿಯಿಂದಲೇ ಬೆಲ್ಟು ಅಥವಾ ಹಲ್ಲುಚಕ್ರದ ಮೂಲಕ ತಿರುಗಿಸಿದರೆ ಅದಕ್ಕೆ ಸೂಪರ್‌ಚಾರ್ಜರ್ ಎಂದು ಹೆಸರು. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ರಭಸದಿಂದ ತಿರುಗಿಸಿದರೆ ಟರ್ಬೊಚಾರ್ಜರ್. ಎರಡನೆಯದಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು 1905ರಲ್ಲಿಯೇ ಪೇಟೆಂಟು ಪಡೆದಿದ್ದರು. ನಮ್ಮ ರಸ್ತೆಯ ಲಾರಿಗಳಲ್ಲಿರುವುದು ಈ ಟರ್ಬೊ.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಇಲ್ಲಿಂದಲೇ ತೊಂದರೆ ಶುರು. ಬಾಯ್ಲನ ನಿಯಮ ಬರೆಯುವಾಗ "ಉಷ್ಣತೆ ಸ್ಥಿರವಾಗಿದ್ದಾಗ" ಎಂಬ ಮಾತನ್ನು ಎಷ್ಟೋ ಮಕ್ಕಳು ಬಿಟ್ಟುಬಿಡುತ್ತಾರೆ, ಅಂಕ ಕಳೆದುಕೊಳ್ಳುತ್ತಾರೆ. ಲಾರಿಯ ಸಂಗತಿಯೆಲ್ಲ ಆ ಬಿಟ್ಟುಹೋದ ಮಾತಿನಲ್ಲಿಯೇ ಇದೆ. ಸೈಕಲ್ ಪಂಪಿನಿಂದ ಇದನ್ನು ನೋಡಬಹುದು. ಟ್ಯೂಬಿಗೆ ಬಿರುಸಾಗಿ ಗಾಳಿ ಹೊಡೆದು ಪಂಪಿನ ಬುಡವನ್ನು ಮುಟ್ಟಿರಿ, ಬೆಚ್ಚಗಿರುತ್ತದೆ. "ಅದು ವಾಷರು ಉಜ್ಜಿದ್ದರಿಂದ, ಸಾರ್" ಎಂದು ಒಬ್ಬ ಹುಡುಗ ವಾದಿಸಿದ. ಒಳ್ಳೆಯ ಸಂಶಯ. ಪಂಪು ಆರಿದ ಮೇಲೆ ಟ್ಯೂಬಿಗೆ ಸೇರಿಸದೆ ಅಷ್ಟೇ ಸಲ, ಅಷ್ಟೇ ಬಿರುಸಾಗಿ ಎಳೆದು ತಳ್ಳಿಸಿದೆವು. ವಾಷರು ಆಗಲೂ ಉಜ್ಜಿತು, ಆದರೆ ಬುಡ ಅಷ್ಟು ಬಿಸಿಯಾಗಲಿಲ್ಲ. ಹೆಚ್ಚಿನ ಶಾಖ ಬಂದದ್ದು ಗಾಳಿಯನ್ನು ಒತ್ತಲು ನಾವು ಮಾಡಿದ ಕೆಲಸದಿಂದ.

ಈಗ ಸ್ವಲ್ಪ ಲೆಕ್ಕ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್ ಅಪರೂಪವಲ್ಲ. ಆ ಗಾಳಿಯ ಒತ್ತಡವನ್ನು ಟರ್ಬೊ ಎರಡರಷ್ಟು ಮಾಡಿತೆನ್ನೋಣ. ಯಂತ್ರದಲ್ಲಿ ಯಾವ ನಷ್ಟವೂ ಇಲ್ಲದಿದ್ದರೂ ಗಾಳಿ ಸುಮಾರು 106 ಡಿಗ್ರಿಗೆ ಏರುತ್ತದೆ. ನಿಜವಾದ ಯಂತ್ರ ಅಷ್ಟು ಚೊಕ್ಕವಲ್ಲ. ಅದರ ದಕ್ಷತೆ ನೂರಕ್ಕೆ 70 ಎಂದು ಹಿಡಿದರೆ 135 ಡಿಗ್ರಿಯಾಗುತ್ತದೆ. ನೀರು ಕುದಿಯುವುದಕ್ಕಿಂತ ಬಿಸಿ! ಬಿಸಿಯಾದ ಗಾಳಿ ಹಿಗ್ಗುತ್ತದೆಂದು ಚಾರ್ಲ್ಸನ ನಿಯಮ ಹೇಳುತ್ತದೆ. ನಿರಪೇಕ್ಷ ಉಷ್ಣತೆಯಲ್ಲಿ 38 ಡಿಗ್ರಿ ಎಂದರೆ 311, 135 ಎಂದರೆ 408. ಹಾಗಾಗಿ ಸಾಂದ್ರತೆ ಎರಡರಷ್ಟಾಗದೆ 2 × 311 ÷ 408, ಅಂದರೆ ಒಂದೂವರೆಯಷ್ಟು ಮಾತ್ರ ಆಯಿತು. ಎರಡು ಪಡಿ ಅಳೆದು ಒಂದೂವರೆ ಪಡಿ ಮನೆಗೆ ತಂದಂತೆ.

ಅದೇ ಗಾಳಿಯನ್ನು ಸಿಲಿಂಡರಿಗೆ ಸೇರುವ ಮುನ್ನ 60 ಡಿಗ್ರಿಗೆ ಇಳಿಸಿದರೆ? 2 × 311 ÷ 333, ಸುಮಾರು 1.87. ಹೆಚ್ಚು ಒತ್ತದೆ, ಕೇವಲ ತಣಿಸಿದ್ದರಿಂದಲೇ ಇಷ್ಟು ಲಾಭ. ತಣಿಸುವ ಈ ಸಾಧನವೇ ಇಂಟರ್‌ಕೂಲರ್. ಲಾರಿಯ ಮುಂಭಾಗದಲ್ಲಿ, ರೇಡಿಯೇಟರಿನ ಪಕ್ಕಕ್ಕೋ ಮುಂದಕ್ಕೋ, ಅದರಂತೆಯೇ ತೆಳು ರೆಕ್ಕೆಗಳುಳ್ಳ ಅಲ್ಯೂಮಿನಿಯಂ ಚೌಕಟ್ಟು ಅದು. ಒಳಗೆ ಒತ್ತಿದ ಬಿಸಿ ಗಾಳಿ, ಹೊರಗೆ ಬೀಸುವ ಸಾದಾ ಗಾಳಿ. ಲಾರಿಯ ಬಾನೆಟ್ಟಿನೊಳಗೆ ಇಣುಕಲಾಗದ ಮಕ್ಕಳು ಪಂಕ್ಚರ್ ಅಂಗಡಿಗೆ ಹೋಗಿ ನೋಡಬಹುದು. ಅಲ್ಲಿಯ ಗಾಳಿಯಂತ್ರದಲ್ಲಿ ದೊಡ್ಡದೊಂದು, ಚಿಕ್ಕದೊಂದು ಸಿಲಿಂಡರುಗಳಿದ್ದರೆ ಅವೆರಡರ ನಡುವೆ ರೆಕ್ಕೆಗಳುಳ್ಳ ಕೊಳವೆ ಹಾಯ್ದಿರುತ್ತದೆ. ಮೊದಲ ಸಿಲಿಂಡರು ಒತ್ತಿದ ಗಾಳಿ ಎರಡನೆಯದಕ್ಕೆ ಹೋಗುವ ದಾರಿಯಲ್ಲಿ ತಣಿಯುವುದು ಅಲ್ಲಿಯೇ. ಮುಟ್ಟಲು ಹೋಗಬೇಡಿ, ಬೆರಳು ಸುಡುತ್ತದೆ.

ಈ ವಿದ್ಯೆಗೆ ಹಿಂದೆ ಒತ್ತಾಸೆ ಕೊಟ್ಟದ್ದು ವಿಮಾನಗಳು. ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಎರಡನೆಯ ಮಹಾಯುದ್ಧದ ಎಂಜಿನುಗಳು ಒತ್ತುವ ಯಂತ್ರವಿಲ್ಲದೆ ಮೇಲೇರಲಾರದೆ ಹೋದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ರಿಪೇರಿ ಮಾಡಿ ನಮ್ಮ ವಾಯುಪಡೆಗೆ ಒಪ್ಪಿಸಿದರು. ಆ ವಿಮಾನದ ನಾಲ್ಕು ಎಂಜಿನುಗಳಿಗೂ ಟರ್ಬೊ ಇತ್ತು, ಗಾಳಿ ತಣಿಸುವ ಕೂಲರೂ ಇತ್ತು.

ಪೆಟ್ರೋಲ್ ಎಂಜಿನಿನಲ್ಲಿ ಇನ್ನೊಂದು ಅಪಾಯವುಂಟು. ಒಳಹೋಗುವ ಗಾಳಿ ತೀರ ಬಿಸಿಯಾದರೆ ಸಿಲಿಂಡರಿನ ಕೊನೆಯ ಮೂಲೆಯ ಮಿಶ್ರಣ, ಕಿಡಿಯ ಜ್ವಾಲೆ ತಲುಪುವ ಮುಂಚೆಯೇ ತಾನಾಗಿ ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯ ಏಟು ಬೀಳುತ್ತದೆ. ಇಂದಿನ ಕಾರುಗಳಲ್ಲಿ ಕಂಪ್ಯೂಟರು ಅದನ್ನು ಅರಿತು ಕಿಡಿಯನ್ನು ತಡಮಾಡುತ್ತದೆ. ಎಂಜಿನು ಉಳಿಯುತ್ತದೆ, ಶಕ್ತಿ ಕುಗ್ಗುತ್ತದೆ. ಸೂಪರ್‌ಚಾರ್ಜರ್ ಇರುವ ಎಷ್ಟೋ ಕಾರುಗಳಲ್ಲಿ ಗಾಳಿಯ ಶಾಖವನ್ನು ಮೊದಲು ನೀರಿಗೆ ಕೊಟ್ಟು, ಆ ನೀರನ್ನು ಚಿಕ್ಕ ಪಂಪಿನಿಂದ ಬೇರೊಂದು ರೇಡಿಯೇಟರಿಗೆ ಹರಿಸುತ್ತಾರೆ. ವಾಹನ ನಿಂತಲ್ಲೇ ನಿಂತರೆ ಯಾವ ಕೂಲರಿಗೂ ಬೀಸುಗಾಳಿ ಸಾಲದು. ಸುಂಕದ ಕಟ್ಟೆಯಲ್ಲಿ ಬಹಳ ಹೊತ್ತು ನಿಂತು ಹೊರಟ ಕಾರು ಮೊದಲ ಸ್ವಲ್ಪ ದೂರ ಮಂಕಾಗಿ ಓಡುವುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಸಬ್ಬಕ್ಕಿ ಲಾರಿ. ಕಡೆಗೆ ಅದನ್ನು ನೋಡಿದವರು ವಯಸ್ಸಾದ ಮೇಸ್ತ್ರಿಯೊಬ್ಬರು. ಪಂಪನ್ನು ಅವರು ಮುಟ್ಟಲೇ ಇಲ್ಲ. "ಖಾಲಿ ಗಾಡಿಗೆ ಇಲ್ಲದ ರೋಗ ಹೇರಿದಾಗ ಬರುತ್ತದೆ ಎಂದರೆ ಗಾಳಿಯ ದಾರಿ ನೋಡಪ್ಪಾ" ಎಂದರಂತೆ. ಇಂಟರ್‌ಕೂಲರಿನಿಂದ ಎಂಜಿನಿಗೆ ಬರುವ ರಬ್ಬರ್ ಕೊಳವೆಯ ಕೆಳಮೈಯಲ್ಲಿ ಕೈಗೆ ಮಾತ್ರ ಸಿಗುವ ಸೀಳಿತ್ತು. ಎಂಜಿನು ಸುಮ್ಮನೆ ಓಡುವಾಗ ಟರ್ಬೊದಲ್ಲಿ ಒತ್ತಡವೇ ಇಲ್ಲದ್ದರಿಂದ ಸೀಳು ಮುಚ್ಚಿಕೊಂಡಿರುತ್ತಿತ್ತು. ಏರಿನಲ್ಲಿ ಒತ್ತಡ ಬಂದೊಡನೆ ಬಾಯಿ ಬಿಡುತ್ತಿತ್ತು. ಗಾಳಿ ಹೊರಗೆ ಹೋಯಿತು, ಡೀಸೆಲ್ ಮಾತ್ರ ಮೊದಲಿನಷ್ಟೇ ಬಿದ್ದಿತು, ಅರೆಬೆಂದ ಡೀಸೆಲ್ ಕಪ್ಪು ಹೊಗೆಯಾಯಿತು. ಇಂಟರ್‌ಕೂಲರಿನ ರೆಕ್ಕೆಗಳ ನಡುವೆಯೂ ಧೂಳು, ಎಣ್ಣೆ, ಹತ್ತಿಯ ನವಿರು ಸೇರಿ ಕಂಬಳಿಯಂತೆ ಕೂತಿತ್ತು. ಪವರ್‌ಲೂಮ್ ಕೊಟ್ಟಿಗೆಯ ಪಕ್ಕದಲ್ಲೇ ನಿಲ್ಲುವ ಗಾಡಿಗೆ ನವಿರು ಬರದೆ ಇರುತ್ತದೆಯೇ? ಕೊಳವೆ ಬದಲಾಯಿಸಿ, ಒಳಗಿನಿಂದ ಹೊರಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆದರು. ಜೋರಾದ ಪಂಪಿನಲ್ಲಿ ಹೊಡೆದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಖರ್ಚಾದದ್ದು ಪಂಪಿಗೆ ಕೊಟ್ಟ ಹಣದ ಸಣ್ಣ ಪಾಲು.

ಲಾರಿ ಇಟ್ಟುಕೊಂಡಿರುವ ತಂದೆಯರಲ್ಲಿ ಒಂದು ಅರಿಕೆ. ಗಾಡಿಯ ಮೂತಿಗೆ ಗೊಂಡೆ, ಹಲಗೆ, ಜಾಲರಿ ಕಟ್ಟಿ ಅಲಂಕರಿಸುವುದು ನೋಡಲು ಚೆನ್ನ, ನಾವೂ ನಿಂತು ನೋಡುತ್ತೇವೆ. ಆದರೆ ಕೂಲರಿನ ಎದುರಿಗೆ ಮಾತ್ರ ಬೇಡ. ಕೊಳವೆಗಳ ಕ್ಲಿಪ್ಪಿಗೆ ಆಗಾಗ ಸ್ಪಾನರು ಮುಟ್ಟಿಸಿರಿ. ಸೋರಿಕೆಯ ಸಂಶಯವಿದ್ದರೆ ಮೇಸ್ತ್ರಿಯಿಂದ ಕೊಳವೆಗೆ ಅಳತೆಯ ಒತ್ತಡದ ಗಾಳಿ ಕೊಡಿಸಿ, ಸೋಪಿನ ನೀರು ಸವರಿಸಿರಿ. ಪಂಕ್ಚರ್ ಹುಡುಗ ಟ್ಯೂಬು ನೋಡುವ ಉಪಾಯವೇ ಇದು.

ಮಕ್ಕಳಿಗೆ ಒಂದು ಲೆಕ್ಕ. ರಾತ್ರಿ ಹೊತ್ತು ಗಾಡಿ ಚೆನ್ನಾಗಿ ಎಳೆಯುತ್ತದೆಂದು ಡ್ರೈವರುಗಳು ಹೇಳುವುದುಂಟು. ಮಾರ್ಗಶಿರದ ರಾತ್ರಿ ಹೊರಗೆ 20 ಡಿಗ್ರಿ ಇದ್ದು, ಟರ್ಬೊದ ಒತ್ತಡ ಅಷ್ಟೇ ಇದ್ದು, ಇಂಟರ್‌ಕೂಲರಿನಿಂದ ಗಾಳಿ 40 ಡಿಗ್ರಿಯಲ್ಲಿ ಹೊರಬಂದರೆ, ಬೇಸಿಗೆಯ 60 ಡಿಗ್ರಿಯ ಗಾಳಿಗಿಂತ ನೂರಕ್ಕೆ ಎಷ್ಟು ಹೆಚ್ಚು ಗಾಳಿ ಸಿಲಿಂಡರು ಸೇರುತ್ತದೆ? 273 ಕೂಡಿಸುವುದನ್ನು ಮರೆಯಬೇಡಿ. ಉತ್ತರ ಬಂದ ಮೇಲೆ ಡ್ರೈವರು ಹೇಳಿದ್ದು ಸರಿಯೋ ತಪ್ಪೋ ಮನೆಯಲ್ಲಿ ಅಪ್ಪನಿಗೆ ಹೇಳಿರಿ.