ವ್ಯವಹಾರ ಪತ್ರಗಳಲ್ಲಿ ಇಂಗ್ಲಿಷ್ ಪ್ರಿಪೊಸಿಷನ್ ಮತ್ತು ಸಂಬಂಧಾರ್ಥಕ ಪದಗಳು

ಕನ್ನಡದಲ್ಲಿ ನಾಮಪದದ ನಂತರ ಬರುವ ವಿಭಕ್ತಿ ಪ್ರತ್ಯಯ ಹಾಗೂ ಅವ್ಯಯಗಳು ನಿರ್ವಹಿಸುವ ಕಾರ್ಯವನ್ನು ಇಂಗ್ಲಿಷಿನಲ್ಲಿ ನಾಮಪದಕ್ಕೆ ಮೊದಲು ಬರುವ ಪ್ರಿಪೊಸಿಷನ್‌ಗಳು ನಿರ್ವಹಿಸುತ್ತವೆ. ಆದರೆ ಒಂದಕ್ಕೊಂದು ಸರಿಸಮನಾಗಿ ಹೊಂದುವುದಿಲ್ಲ. ‘10ನೇ ತಾರೀಖಿನೊಳಗೆ’ ಎಂಬುದಕ್ಕೆ ‘ಬೈ’ ಸರಿ. ‘ಹತ್ತು ದಿನಗಳೊಳಗೆ’ ಎಂಬುದಕ್ಕೆ ‘ವಿದಿನ್’. ‘ಇನ್ ಟೆನ್ ಡೇಸ್’ ಎಂದು ಬರೆದರೆ ಹತ್ತು ದಿನ ಕಳೆದ ಮೇಲೆ ಎಂಬ ಅರ್ಥವೂ ಹೊರಡುತ್ತದೆ. ಅಲ್ಲಿಯವರೆಗೆ ಮುಂದುವರಿಯುವ ಸ್ಥಿತಿಗೆ ‘ಅಂಟಿಲ್’ ಸಲ್ಲುತ್ತದೆ: ದರ 31ರವರೆಗೆ ಊರ್ಜಿತ ಎನ್ನುವಾಗ ‘ಅಂಟಿಲ್’, ಹಣ 31ರೊಳಗೆ ಸಂದಾಯವಾಗಬೇಕು ಎನ್ನುವಾಗ ‘ಬೈ’.

ಬೆಲೆಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 400 ರೂಪಾಯಿಯ ಸರಕಿಗೆ ‘ರಿಡ್ಯೂಸ್ಡ್ ಬೈ 40’ ಎಂದರೆ ಹೊಸ ದರ 360. ‘ರಿಡ್ಯೂಸ್ಡ್ ಟು 40’ ಎಂದರೆ ಬರೀ 40!

ಸಾಖಪತ್ರದ, ಅಂದರೆ ಲೆಟರ್ ಆಫ್ ಕ್ರೆಡಿಟ್‌ನ ವ್ಯವಹಾರದಲ್ಲಿ ಈ ಪದಗಳ ಅರ್ಥ ಊಹೆಗೆ ಬಿಟ್ಟದ್ದಲ್ಲ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯುಸಿಪಿ 600 ನಿಯಮಾವಳಿ 2007ರ ಜುಲೈ 1ರಂದು ಜಾರಿಗೆ ಬಂದಿತು. ಅದರ ಮೂರನೆಯ ವಿಧಿಯ ಪ್ರಕಾರ, ಸರಕು ಸಾಗಣೆಯ ಅವಧಿಯನ್ನು ಸೂಚಿಸುವಾಗ ‘ಫ್ರಮ್’, ‘ಟು’, ‘ಅಂಟಿಲ್’, ‘ಬಿಟ್ವೀನ್’ ಪದಗಳು ನಮೂದಿತ ದಿನವನ್ನೂ ಒಳಗೊಳ್ಳುತ್ತವೆ. ‘ಬಿಫೋರ್’, ‘ಆಫ್ಟರ್’ ಒಳಗೊಳ್ಳುವುದಿಲ್ಲ. ‘ಆನ್ ಆರ್ ಅಬೌಟ್ 10 ಮೇ’ ಎಂದಿದ್ದರೆ ಮೇ 5ರಿಂದ 15ರವರೆಗೆ, ಎರಡೂ ದಿನ ಸೇರಿ, ಅವಕಾಶವುಂಟು. ವಿಚಿತ್ರವೆಂದರೆ, ಹುಂಡಿಯ ಪಾವತಿ ದಿನವನ್ನು ಎಣಿಸುವಾಗ ಅದೇ ‘ಫ್ರಮ್’ ಪದ ನಮೂದಿತ ದಿನವನ್ನು ಹೊರಗಿಡುತ್ತದೆ. ಜೂನ್ 1ರಿಂದ 60 ದಿನ ಎಂದರೆ ಎಣಿಕೆ ಜೂನ್ 2ರಂದು ಆರಂಭವಾಗಿ ಪಾವತಿ ಜುಲೈ 31ಕ್ಕೆ ಬೀಳುತ್ತದೆ. ಇಲ್ಲಿ ವ್ಯಾಕರಣಕ್ಕಿಂತ ನಿಯಮಾವಳಿಯೇ ಪ್ರಮಾಣ.

ಸಂಬಂಧಾರ್ಥಕ ಪದಗಳಲ್ಲಿ ‘ಹೂ’ ವ್ಯಕ್ತಿಗಳಿಗೆ, ‘ವಿಚ್’ ವಸ್ತುಗಳಿಗೆ ಎಂಬುದು ಶಾಲೆಯಲ್ಲೇ ಕಲಿತ ಪಾಠ. ತೊಡಕಿರುವುದು ಅಲ್ಪವಿರಾಮದಲ್ಲಿ. 200 ಪೆಟ್ಟಿಗೆಗಳ ಪೈಕಿ 12 ಮಾತ್ರ ನೆನೆದಿವೆ ಎನ್ನೋಣ. ‘ದಿ ಕಾರ್ಟನ್ಸ್ ದಟ್ ವರ್ ವೆಟ್ ಆರ್ ರಿಜೆಕ್ಟೆಡ್’ ಎಂದು ಬರೆದರೆ ಆ 12 ಮಾತ್ರ ತಿರಸ್ಕೃತ. ‘ದಿ ಕಾರ್ಟನ್ಸ್, ವಿಚ್ ವರ್ ವೆಟ್, ಆರ್ ರಿಜೆಕ್ಟೆಡ್’ ಎಂದರೆ ಎಲ್ಲವೂ ನೆನೆದಿದ್ದವು, 200 ಪೆಟ್ಟಿಗೆಗಳೂ ತಿರಸ್ಕೃತ ಎಂದಾಗುತ್ತದೆ. ಕನ್ನಡದ ‘ನೆನೆದ ಪೆಟ್ಟಿಗೆಗಳು’ ಎಂಬ ರೂಪ ಈ ಭೇದವನ್ನು ತೋರುವುದಿಲ್ಲವಾದ್ದರಿಂದ ಕನ್ನಡದಲ್ಲಿ ಯೋಚಿಸಿ ಬರೆಯುವವರ ಕಣ್ಣಿಗೆ ಅದು ಬೀಳದು. ಸಂದೇಹವಿದ್ದಲ್ಲಿ ಪೆಟ್ಟಿಗೆಗಳ ಸಂಖ್ಯೆಯನ್ನೇ ಪತ್ರದಲ್ಲಿ ನಮೂದಿಸುವುದು ಲೇಸು.