ಮೂರು ಊರಿನ ಲಾಗ್ ಒಂದೇ ಸರ್ವರ್‌ನಲ್ಲಿ: ಒಂದು ಪಾಠ ಯೋಜನೆ

ತರಗತಿ: 9, ಗಣಕ ಶಿಕ್ಷಣ
ಅವಧಿ: 40 ನಿಮಿಷ
ಸಾಮಗ್ರಿ: ಒಂದೇ ನೆಟ್‌ವರ್ಕ್‌ನಲ್ಲಿರುವ ಮೂರು ಉಬುಂಟು ಕಂಪ್ಯೂಟರ್‌ಗಳು. ಅವುಗಳಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಎಂದು ಮೊದಲೇ ಹೆಸರಿಟ್ಟಿರಬೇಕು.

ಉದ್ದೇಶ: ಲ್ಯಾಬಿನ ಕಂಪ್ಯೂಟರ್ ಕೆಟ್ಟರೆ ಕೊನೆಗೆ ಕುಳಿತಿದ್ದ ವಿದ್ಯಾರ್ಥಿಯ ಮೇಲೆಯೇ ಅನುಮಾನ ಬರುತ್ತದೆ. ಯಂತ್ರ ತಾನೇ ಬರೆದಿಡುವ ಲಾಗ್ ನೋಡಿದರೆ ಡಿಸ್ಕ್ ದೋಷ ಎರಡು ದಿನ ಮೊದಲೇ ಶುರುವಾಗಿರಬಹುದು. ಆದರೆ ಡಿಸ್ಕ್ ಹೋದರೆ ಅದರೊಳಗಿನ ಲಾಗ್ ಕೂಡ ಹೋಗುತ್ತದೆ. ಆದ್ದರಿಂದ ಅದರ ಪ್ರತಿ ಬೇರೆ ಯಂತ್ರದಲ್ಲಿರಬೇಕು ಎಂಬುದನ್ನು ವಿದ್ಯಾರ್ಥಿಗಳು ಮಾಡಿ ತಿಳಿಯುವರು.

ಹಂತ 1: ಕೊಳ್ಳೇಗಾಲವೇ ಸರ್ವರ್. ಅದರ ಆರ್‌ಸಿಸ್‌ಲಾಗ್ ಫೈಲಿನಲ್ಲಿ ಟಿಸಿಪಿಗೆ ಸಂಬಂಧಿಸಿದ ಎರಡು ಸಾಲುಗಳ ಮುಂದಿನ # ಚಿಹ್ನೆ ತೆಗೆಯಿರಿ. ಫೈರ್‌ವಾಲ್ ಇದ್ದರೆ 514ನೇ ಪೋರ್ಟ್ ತೆರೆಯಿರಿ.

ಹಂತ 2: ಉಳಿದೆರಡು ಯಂತ್ರಗಳ ಫೈಲಿಗೆ ಈ ಸಾಲು ಸೇರಿಸಿ (ಸಂಖ್ಯೆ ನಿಮ್ಮ ಸರ್ವರ್‌ನ ವಿಳಾಸ):
*.* @@192.168.1.10:514
ಒಂದೇ @ ಇದ್ದರೆ ಯುಡಿಪಿ. ಸಾಲು ತಲುಪಿತೇ ಎಂದು ಕೇಳುವವರಿಲ್ಲ, ಸಾದಾ ಅಂಚೆ ಕಾರ್ಡಿನಂತೆ. ಎರಡು @ ಇದ್ದರೆ ಟಿಸಿಪಿ. ಸಂಪರ್ಕ ಕಡಿದಾಗಲೂ ಸಾಲುಗಳು ಉಳಿಯಬೇಕಾದರೆ ಡಿಸ್ಕ್ ಕ್ಯೂ ಪ್ರತ್ಯೇಕವಾಗಿ ಹೊಂದಿಸಬೇಕು.

ಹಂತ 3: ಮೂರರಲ್ಲೂ ಆರ್‌ಸಿಸ್‌ಲಾಗ್ ಮರುಪ್ರಾರಂಭಿಸಿ. ಹನೂರಿನಿಂದ ಲಾಗರ್ ಆಜ್ಞೆಯಲ್ಲಿ ಒಂದು ಸಾಲು ಕಳಿಸಿ. ಕೊಳ್ಳೇಗಾಲದ ಸಿಸ್‌ಲಾಗ್ ಫೈಲಿನಲ್ಲಿ ಅದು ಹನೂರಿನ ಹೆಸರಿನೊಂದಿಗೆ ಕಾಣಬೇಕು.

ಚಟುವಟಿಕೆ: ತಪ್ಪು ಪಾಸ್‌ವರ್ಡ್ ಹಾಕಿದ ಮೂರು ದಾಖಲೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ: ಕೊಳ್ಳೇಗಾಲ 10:05, ಹನೂರು 10:07, ಯಳಂದೂರು 10:09. ಮೊದಲು ನಡೆದದ್ದೆಲ್ಲಿ? ಎಲ್ಲರೂ ಕೊಳ್ಳೇಗಾಲ ಎನ್ನುವರು. ಈಗ ಯಳಂದೂರಿನ ಗಡಿಯಾರ ಮಾತ್ರ 6 ನಿಮಿಷ ಮುಂದಿದೆ ಎಂದು ತಿಳಿಸಿ. ನಿಜ ಸಮಯ 10:03, ಉತ್ತರವೇ ಬದಲಾಯಿತು. ಲಾಗ್ ಸಾಲಿನಲ್ಲಿರುವುದು ಸಾಮಾನ್ಯವಾಗಿ ಕಳಿಸಿದ ಯಂತ್ರದ ಸಮಯ. ಹೀಗಾಗಿ ಎಲ್ಲ ಗಡಿಯಾರಗಳನ್ನೂ ಎನ್‌ಟಿಪಿ ಮೂಲಕ ಹೊಂದಿಸಬೇಕು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೂ ಸಂಸ್ಥೆಗಳು ಗಡಿಯಾರ ಹೊಂದಿಸಿಕೊಳ್ಳಬೇಕು, ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು ಎನ್ನುತ್ತದೆ.

ಬೋಧಕರ ಗಮನಕ್ಕೆ: ಇಲ್ಲಿ ಸಾಲುಗಳು ಯಾರೂ ಓದಬಹುದಾದ ರೂಪದಲ್ಲಿ ಸಾಗುತ್ತವೆ. ನಿಜವಾಗಿ ಊರಿಂದೂರಿಗೆ ಇಂಟರ್ನೆಟ್‌ನಲ್ಲಿ ಕಳಿಸುವಾಗ ಟಿಎಲ್‌ಎಸ್ ಗೂಢಲಿಪಿ ಬೇಕು. ಅದಕ್ಕೆ ಮೀಸಲಾದ ಪೋರ್ಟ್ 6514. ಇನ್ನೊಂದು ಮಾತು: ಲಾಗ್ ಖಾತೆಯ ಹೆಸರು ಹೇಳುತ್ತದೆ, ಕುಳಿತವರು ಯಾರೆಂದು ಹೇಳುವುದಿಲ್ಲ. ಇಡೀ ತರಗತಿಗೆ ಒಂದೇ ಖಾತೆಯಿದ್ದರೆ ಅದರಿಂದ ಯಾರನ್ನೂ ತಪ್ಪಿತಸ್ಥರೆನ್ನಲಾಗದು.

ಮೌಲ್ಯಮಾಪನ:
1. ಲಾಗ್‌ನ ಪ್ರತಿ ಬೇರೆ ಯಂತ್ರದಲ್ಲಿ ಏಕಿರಬೇಕು?
2. ಹನೂರಿನ ಗಡಿಯಾರ 4 ನಿಮಿಷ ಹಿಂದಿದ್ದರೆ, ಅಲ್ಲಿನ 10:07ರ ದಾಖಲೆಯ ನಿಜ ಸಮಯವೆಷ್ಟು?
3. ಒಬ್ಬ ವಿದ್ಯಾರ್ಥಿಯ ಮೇಲೆ ದೂರು ಬಂದರೆ, ಲಾಗ್‌ನಲ್ಲಿ ಏನೇನು ನೋಡಿ ತೀರ್ಮಾನಿಸುವಿರಿ?